ಸತ್ತ ಮೇಲೆ ಹೂಡೆಗೆ ಬಂದವನು

ಹೆಗಲಿಗೆ ಶಾಲು, ತಲೆಗೆ ಪೇಟ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಇಷ್ಟೆಲ್ಲ ಹೇರಿ ಕೂರಿಸಿದ್ದರಿಂದ ಹಳೆಯ ಆಟಗಾರ ಚೆನ್ನಪ್ಪನಿಗೆ ಕೈಯಲ್ಲಿದ್ದ ಸ್ಮರಣ ಸಂಚಿಕೆಯನ್ನು ಬಿಡಿಸುವುದೇ ಕಷ್ಟವಾಯಿತು. ಹೂಡೆಯ ಕಡಲ ದಂಡೆಯಲ್ಲಿ ಗಾಳಿಮರ ಫುಟ್‌ಬಾಲ್ ಕ್ಲಬ್ಬಿನ ಶತಮಾನೋತ್ಸವ. ಮಂತ್ರಿಗಳು ಮೈಕು ಹಿಡಿದು ಅರ್ಧ ಗಂಟೆಯಾಗಿತ್ತು. ಫುಟ್‌ಬಾಲಿನ ಸುದ್ದಿ ಇನ್ನೂ ಬಂದಿರಲಿಲ್ಲ.

ಮೂರನೇ ಪುಟದಲ್ಲಿ ಅವನದೇ ಫೋಟೊ, ಕೆಳಗೆ ಅವನದೇ ಸಹಿ. ‘ಸ್ಕಾಟ್ಲೆಂಡಿನ ಖ್ಯಾತ ಆಟಗಾರ ಅಲೆಕ್ ರೆನಿ 1925ರಲ್ಲಿ ಹಂಚಿನ ಕಾರ್ಖಾನೆಗೆಂದು ಬಂದವರು ಹೂಡೆಯಲ್ಲಿ ನಮ್ಮ ಕ್ಲಬ್ಬನ್ನು ಕಟ್ಟಿದರೆಂದು ನನ್ನ ಅಜ್ಜ ಹೇಳುತ್ತಿದ್ದರು.’ ಅವನ ಅಜ್ಜ ಬಲೆ, ಬಂಗುಡೆ, ಬೈಗುಳ ಬಿಟ್ಟು ಬೇರೆ ಮಾತಾಡಿದ್ದನ್ನು ಕೇಳಿದವರಿಲ್ಲ.

ಕ್ಲಬ್ಬಿನವರು ಸಂದೇಶವನ್ನು ತಾವೇ ಬರೆದು ತರುವುದು, ದೊಡ್ಡವರು ಓದದೆ ಸಹಿ ಹಾಕುವುದು ಊರಿನ ವಾಡಿಕೆ. ಹೋದ ತಿಂಗಳು ಅಧ್ಯಕ್ಷ ಜಿತೇಂದ್ರ ಕಾಗದ ಚಾಚಿದಾಗ, ತಾನೂ ದೊಡ್ಡವನಾದೆನೆಂಬ ಹಿಗ್ಗಿನಲ್ಲಿ ಚೆನ್ನಪ್ಪ ಕನ್ನಡಕವನ್ನೂ ಹುಡುಕದೆ ಗೀಚಿದ್ದ. ಈಗ ತನ್ನ ಮೇಲೆಯೇ ಹೇಸಿಗೆಯಾಯಿತು.

ಪುಟ ತಿರುಗಿಸಿದರೆ ರೆನಿಯ ಜೀವನ ಚರಿತ್ರೆ; ಇಂಟರ್‌ನೆಟ್ಟಿನಿಂದ ಎತ್ತಿ ಹಾಕಿದ್ದು. ಹದಿಮೂರಕ್ಕೇ ಕಲ್ಲಿದ್ದಲ ಗಣಿಗಿಳಿದವ. ಸಣ್ಣದೊಂದು ಊರಿನ ತಂಡಕ್ಕೆ ಏಳು ವರ್ಷ ಆಡಿದ, ನೂರ ಎಂಬತ್ತೊಂದು ಪಂದ್ಯ. ಮೊಣಕಾಲು ಕೆಟ್ಟಾಗ ತಂಡದವರು ಕೈಬಿಟ್ಟರು, ಪುನಃ ಗಣಿಗೆ ಹೋದ. ಪಾಪ, ನಮ್ಮಂಥವನೇ ಅನ್ನಿಸಿತು ಚೆನ್ನಪ್ಪನಿಗೆ. ಕೊನೆಯ ಸಾಲಿನಲ್ಲಿ, 1916ರಲ್ಲಿ ಫ್ರಾನ್ಸಿನ ಯುದ್ಧದಲ್ಲಿ ಮರಣ ಎಂದಿತ್ತು.

ಪಕ್ಕದಲ್ಲಿದ್ದ ಜಿತೇಂದ್ರನನ್ನು ಮೊಣಕೈಯಿಂದ ತಿವಿದ. “ಇದೆಂತ ಮಾರಾಯ? ಹದಿನಾರರಲ್ಲಿ ಸತ್ತವ ಇಪ್ಪತ್ತೈದರಲ್ಲಿ ಇಲ್ಲಿಗೆ ಹೇಗೆ ಬಂದ?”

“ಸತ್ತದ್ದು ಕೂಡ ಉಂಟಾ ಅದರಲ್ಲಿ?” ಜಿತೇಂದ್ರ ಕ್ಯಾಮರಾದ ಕಡೆಗಿನ ನಗುವನ್ನು ಕದಲಿಸದೆ ಹೇಳಿದ. “ಯಾರು ಓದ್ತಾರೆ ಚೆನ್ನಪ್ಪಣ್ಣ? ಎಲ್ಲರೂ ಅವರವರ ಫೋಟೊ ನೋಡಿ ಕಪಾಟಿನಲ್ಲಿ ಇಡುವುದು, ಅಲ್ವಾ?”

“ಸ್ಯಾಮ್ಸನ್ ಮಾಸ್ಟ್ರ ಹೆಸರೆಲ್ಲಿ?”

“ಅವರನ್ನು ಹಾಕಿದರೆ ಕ್ಲಬ್ಬಿಗೆ ನಲವತ್ತಾರು ವರ್ಷ ಆಗುವುದು. ನಲವತ್ತಾರಕ್ಕೆ ಮಂತ್ರಿ ಬರ್ತಾರಾ?”

ಚೆನ್ನಪ್ಪನಿಗೆ ಮಾಸ್ಟ್ರು ನೆನಪಾದರು. ಪಕ್ಕದ ಕೆಮ್ಮಣ್ಣು ಊರಿನಿಂದ ಸೈಕಲ್ಲಿನಲ್ಲಿ ಚೆಂಡು ಕಟ್ಟಿಕೊಂಡು ಬಂದು, ಹರಿದ ಮೀನಿನ ಬಲೆಯಿಂದ ಗೋಲು ಕಟ್ಟಿ, ಮೀನುಗಾರರ ಮಕ್ಕಳಿಗೆ ಆಟ ಕಲಿಸಿದ ಮನುಷ್ಯ. ತೀರಿಕೊಂಡು ಎರಡೇ ವರ್ಷ. ಅವರನ್ನು ಅಳಿಸಿ, ಎಲ್ಲಿಯದೋ ಗೋರಿಯಲ್ಲಿ ನೆಮ್ಮದಿಯಿಂದ ಮಲಗಿದವನನ್ನು ಎಳೆದು ತಂದಿದ್ದಾರೆ ನಾಚಿಕೆಗೆಟ್ಟವರು! ಅದೂ ತನ್ನ ಸಹಿ ಹಾಕಿಸಿ. ಮಾಸ್ಟ್ರ ಹೆಂಡತಿ ಬರ್ತಾ ಬಾಯಿಯವರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಬೆಳಿಗ್ಗೆ ಪೆಂಡಾಲಿನ ಬಾಗಿಲಲ್ಲಿ ಸಿಕ್ಕಿ, “ಇವತ್ತು ಇವರ ಹೆಸರು ಹೇಳ್ತೀರಲ್ವಾ ಚೆನ್ನಪ್ಪ?” ಎಂದು ಕೇಳಿದ್ದರು. ಹೂಂ ಎಂದಿದ್ದ.

ನಿರೂಪಕಿ ಸೌಮ್ಯಶ್ರೀ ಅವನ ಹೆಸರು ಕರೆದಳು. ಬುಟ್ಟಿಯನ್ನು ಜಿತೇಂದ್ರನ ತೊಡೆಗೆ ದಾಟಿಸಿ ಚೆನ್ನಪ್ಪ ಮೈಕಿನ ಮುಂದೆ ನಿಂತ.

“ಇದರಲ್ಲಿ ನನ್ನ ಹೆಸರಿನಲ್ಲಿ ಬರೆದದ್ದು ಸುಳ್ಳು. ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಆ ಸ್ಕಾಟ್ಲೆಂಡಿನವರು ಇಲ್ಲಿಗೆ ಬಂದದ್ದೇ ಇಲ್ಲ, ಅಷ್ಟರಲ್ಲಿ ತೀರಿಕೊಂಡಿದ್ದರು. ಈ ಕ್ಲಬ್ಬನ್ನು ಕಟ್ಟಿದವರು ನಮ್ಮ ಸ್ಯಾಮ್ಸನ್ ಮಾಸ್ಟ್ರು. ನನಗೆ ಚೆಂಡು ಒದೆಯಲು ಕಲಿಸಿದ್ದು ಅವರು.”

ಅವನು ನಿಲ್ಲಿಸಿದ್ದೇ ತಡ, ಪೆಂಡಾಲು ತುಂಬ ಚಪ್ಪಾಳೆ. ಮಂತ್ರಿಗಳು ಮೊಬೈಲಿನಿಂದ ತಲೆಯೆತ್ತದೆ ಎರಡು ಸಲ ತಟ್ಟಿದರು. ಜಿತೇಂದ್ರನೂ ಬುಟ್ಟಿ ಕೆಳಗಿಟ್ಟು ತಟ್ಟಿದ.

“ಕ್ಲಬ್ಬಿನ ನೂರು ವರ್ಷಗಳ ಭವ್ಯ ಇತಿಹಾಸವನ್ನು ಮನಮುಟ್ಟುವಂತೆ ತಿಳಿಸಿದ ಹಿರಿಯರಿಗೆ ಮತ್ತೊಮ್ಮೆ ಜೋರಾದ ಚಪ್ಪಾಳೆ ಬರಲಿ,” ಎಂದಳು ಸೌಮ್ಯಶ್ರೀ, ಕೈಯಲ್ಲಿದ್ದ ಚೀಟಿ ನೋಡಿಕೊಂಡು.

ಜೋರಾಗಿಯೇ ಬಂತು. ಮುಂದಿನ ಸಾಲಿನಲ್ಲಿ ಬರ್ತಾ ಬಾಯಿಯ ಎರಡು ಕೈಗಳು ಮಾತ್ರ ಮಡಿಲಲ್ಲೇ ಇದ್ದವು.