ಕಾಲರಿಲ್ಲದ ಅಂಗಿ

ರೇಡಿಯೇಷನ್ ಯಂತ್ರ ಕೆಟ್ಟು ನಿಂತ ಮೇಲೂ ಆಸ್ಪತ್ರೆಯವರು ಟೈಲರನ ಮೈಗೆ ಕೀಮೋ ಏರಿಸುತ್ತಲೇ ಇದ್ದರು. ಯಂತ್ರ ಕೆಟ್ಟಿದೆಯೆಂದು ಅವನಿಗೆ ಹೇಳಲಿಲ್ಲ. "ನಾಳೆ ಬನ್ನಿ" ಎಂದರು.

ಈಗ ಅವನ ಹೆಂಡತಿ ಸತ್ತು ಸೆಟೆದುಹೋದ ಅವನ ತೋಳನ್ನು ಅಂಗಿಯೊಳಗೆ ತೂರಿಸುತ್ತಿದ್ದಳು.

"ಅದು ಬೇಡಮ್ಮ," ಎಂದ ಭಾವ. ಟೈಲರನ ಅಣ್ಣ, ಅದೇ ಆಸ್ಪತ್ರೆಯ ಗುಮಾಸ್ತ. "ಕಾಲರ್ ಇರೋದು ಹಾಕು. ಕುತ್ತಿಗೆ ಕಾಣೋದು ಬೇಡ. ನಮ್ಮ ಸಾಹೇಬ್ರು ಹಾರ ತಗೊಂಡು ಬರ್ತಿದಾರೆ."

"ಕಾಲರ್ ಇರೋ ಅಂಗಿ ಈ ಮನೇಲಿ ಎಲ್ಲಿದೆ ಭಾವ?"

ನಿಜವೇ. ರೇಡಿಯೇಷನ್‌ಗೆ ಸುಟ್ಟ ಕುತ್ತಿಗೆಯ ಚರ್ಮಕ್ಕೆ ಬಟ್ಟೆ ತಾಕಿದರೆ ಜೀವ ಹೋದಂತಾಗುತ್ತಿತ್ತು. ತನ್ನ ಅಷ್ಟೂ ಅಂಗಿಗಳ ಕಾಲರನ್ನು ಟೈಲರೇ ಬಿಚ್ಚಿ ಹಾಕಿದ್ದ.

"ಊರಿನವರ ಕಾಲರೆಲ್ಲ ನೆಟ್ಟಗೆ ನಿಲ್ಲಿಸಿದೋನು," ಎಂದ ಪಕ್ಕದಂಗಡಿಯ ಇಸ್ತ್ರಿಯವ. "'ನನ್ನ ಹೊಲಿಗೆಗೆ ನಿನ್ನ ಕಾವು ಬೇಕಿಲ್ಲ ಹೋಗಯ್ಯ' ಅಂತ ನನ್ನ ಹೊಟ್ಟೆ ಮೇಲೇ ಹೊಡೆಯೋನು."

ಯಾರೋ ನಕ್ಕರು.

*

ಮೊದಲ ದಿನ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಗಂಟಲ ಗಡ್ಡೆ ಕುತ್ತಿಗೆಗೂ ಇಳಿದಿದೆ. ರೇಡಿಯೇಷನ್, ಕೀಮೋ ಎರಡೂ ಜೊತೆಜೊತೆಗೇ ಆಗ್ಬೇಕು. ಕೀಮೋದಿಂದ ರೇಡಿಯೇಷನ್‌ಗೆ ಬಲ. ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ."

ಅವನು ನಿಲ್ಲಿಸಲಿಲ್ಲ. ಬಾಯೆಲ್ಲ ಹುಣ್ಣಾಗಿ ಎಂಜಲು ನುಂಗಲಾಗದಿದ್ದರೂ ಹೋದ. ಯಂತ್ರದ ಕೋಣೆಗೇ ಬೀಗ ಬಿತ್ತು. ಡ್ರಿಪ್ ಮಾತ್ರ ತಪ್ಪಲಿಲ್ಲ. ವಾಂತಿ ಮಾಡಿ ಮಾಡಿ ಸೋತವನು ಬಸ್ಸಿನಲ್ಲಿ ಹೆಂಡತಿಯ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ: "ಸೂಜಿ ಚುಚ್ತಾನೇ ಇದಾರೆ ಕಣೇ. ದಾರ ಪೋಣಿಸೇ ಇಲ್ಲ."

ಅವಳು ಭಾವನನ್ನು ಕೇಳಿದಳು. ಯಂತ್ರದ ಸಂಗತಿ ಅವನಿಗೆ ಗೊತ್ತಿತ್ತು. "ದೊಡ್ಡೋರು ನೋಡ್ಕೋತಾರೆ, ನೀನು ತಲೆ ಕೆಡಿಸ್ಕೋಬೇಡ," ಎಂದ. ಅಷ್ಟರಲ್ಲಿ, ಕುಗ್ಗಿದ್ದ ಗಡ್ಡೆ ಮತ್ತೆ ಊದಿತು, ಒಡೆಯಿತು.

*

ಹೊರಗೆ ಕಾರು ನಿಂತಿತು. ಭಾವ ಗಡಬಡಿಸಿ ತನ್ನ ಅಂಗಿಯನ್ನೇ ಬಿಚ್ಚಿ ಚಾಚಿದ. "ಇದೂ ಅವನೇ ಹೊಲಿದದ್ದು. ತೊಡಿಸಮ್ಮ, ಬೇಗ. ನನ್ನ ಕೆಲಸಕ್ಕೆ ಕುತ್ತು ತರ್ಬೇಡ."

"ನೀವೇ ಹಾಕ್ಕೊಳ್ಳಿ ಭಾವ. ಮುಚ್ಕೊಳ್ಳೋಕೆ ನಿಮಗಿದೆ. ಅವರಿಗೇನಿದೆ?"

ಸಾಹೇಬರು ಒಳಗೆ ಬಂದರು. ಬನಿಯನ್ನಿನಲ್ಲಿ ನಿಂತ ಗುಮಾಸ್ತನನ್ನು ನೋಡಿದರು, ಟೈಲರನ ತೆರೆದ ಕುತ್ತಿಗೆಯನ್ನು ನೋಡಿದರು. ಬೇರೆಲ್ಲೋ ನೋಡುತ್ತಲೇ ಹಾರ ಹಾಕಲು ಬಾಗಿದರು.

ಅವಳು ಹಾರವನ್ನು ನಡುದಾರಿಯಲ್ಲೇ ಹಿಡಿದಳು.

"ಅವರ ಕುತ್ತಿಗೆಗೆ ಏನೂ ತಾಕಬಾರದು."

"ಕೈ ಬಿಡಮ್ಮ," ಎಂದ ಭಾವ, ಅಂಗಿಯನ್ನು ಎದೆಗೊತ್ತಿಕೊಂಡು. "ಬಿಡು ಅಂದೆ!"

ಹೂಗಳು ಒಂದೊಂದಾಗಿ ನೆಲಕ್ಕೆ ಉದುರುತ್ತಿದ್ದವು. ಅವಳು ಬಿಡಲಿಲ್ಲ.