ಅತ್ತೆ ಕತ್ತರಿಸಿಕೊಟ್ಟ ಅಖಾಡ

ಆಫೀಸಿನಲ್ಲಿ ಎಲ್ಲರೂ ಅವನನ್ನು ನಿಧಾನಿ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವನು ಬೇಸರ ಮಾಡಿಕೊಂಡವನೂ ಅಲ್ಲ. ಬಾಯಿ ತೆರೆದರೆ ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಹಾಕಿಕೊಂಡು, ಮೂರು ನಾಲ್ಕು ಸಲ ಬಾಗಿಲು ತಟ್ಟಿ ಆಮೇಲೆ ಹೊರಗೆ ಬರುವ ಮನುಷ್ಯನಿಗೆ ಇನ್ನೇನೆಂದು ಹೆಸರಿಡುತ್ತಾರೆ ಹೇಳಿ? ಅವನು ಕಟ್ಟಿದ ಆಟವೂ ಅವನ ಹಾಗೇ ಇತ್ತು. ಅದರ ಹೆಸರು ಗಿರಿಗಾವಲು. ಕಲ್ಲಿನ ರಾಕ್ಷಸರು, ರೆಕ್ಕೆಯ ಕುದುರೆಗಳು, ಹಲ್ಲುದುರಿದ ಮಾಟಗಾತಿಯರು, ಹೀಗೆ ಎರಡು ಸೈನ್ಯ ಎದುರುಬದುರು ನಿಲ್ಲುತ್ತವೆ. ನೀವೊಂದು ನಡೆ ನಡೆಸಬೇಕು, ಎದುರಾಳಿ ಇನ್ನೊಂದು ನಡೆಸಬೇಕು. ನಡುವೆ ಸ್ನಾನ ಮಾಡಿ ಬನ್ನಿ, ಒಂದು ನಿದ್ದೆ ತೆಗೆದು ಬನ್ನಿ, ಕೇಳುವವರಿಲ್ಲ. ಆ ಆಟದಲ್ಲಿ ಗಡಿಯಾರವೇ ಇರಲಿಲ್ಲ.

ಇರದಿದ್ದುದಕ್ಕೆ ಕಾರಣ ಅವನ ಅತ್ತೆ, ಅಪ್ಪನ ಅಕ್ಕ. ಆಕೆ ದರ್ಜಿ. ಮೂವತ್ತು ವರ್ಷ ಹೊಲಿಗೆ ಅಂಗಡಿ ಇಟ್ಟಿದ್ದವಳು. ಒಂಬತ್ತು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಕೆಲಸಕ್ಕೆ ಬಾರದಂತಾಯಿತು. "ಪುಣ್ಯಕ್ಕೆ ಕೈ ಮಾತ್ರ ಹೋಯ್ತು, ನಾಲಿಗೆ ಉಳೀತು" ಎಂದು ಆಕೆಯೇ ಆಸ್ಪತ್ರೆಯಲ್ಲಿ ನಗೆಯಾಡಿದ್ದಳು. ಅಂಗಡಿ ಮುಚ್ಚಿ, ಅತ್ತೆ ಅವನ ಮನೆಗೆ ಬಂದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ ಆಕೆಯನ್ನು ನೋಡಲಾರದೆ, ಎಡಗೈಯ ಒಂದೇ ಬೆರಳಿನಲ್ಲಿ, ಯಾರ ಅವಸರವೂ ಇಲ್ಲದೆ ಆಡಬಹುದಾದ ಆಟವೊಂದನ್ನು ಅವನು ಕಟ್ಟತೊಡಗಿದ. ಅದೇ ಮುಂದೆ ಗಿರಿಗಾವಲು ಆಯಿತು. ನಿನಗಾಗಿಯೇ ಕಟ್ಟಿದೆ ಎಂದು ಅವನು ಆಕೆಗೆ ಹೇಳಿರಲಿಲ್ಲ. ಅಂಥ ಮಾತು ಹೇಳಹೊರಟರೆ ಮೊದಲ ಅಕ್ಷರವೇ ಬಾಗಿಲು ದಾಟುತ್ತಿರಲಿಲ್ಲ.

ಈಗ ಅದೇ ಆಟಕ್ಕೆ ಕುತ್ತು ಬಂದಿತ್ತು.

"ಒಂದಾಟಕ್ಕೆ ಐವತ್ತು ನಿಮಿಷ! ಈ ಕಾಲದಲ್ಲಿ ಯಾರಿಗ್ರೀ ಅಷ್ಟು ಪುರುಸೊತ್ತಿದೆ?" ಎಂದರು ಕಂಪನಿಯ ಒಡತಿ ಮೇಡಂ. ಕೆಟ್ಟವರಲ್ಲ ಅವರು. ಎಂಟು ವರ್ಷ ಈ ಆಟವನ್ನು ಸಾಕಿದವರು. "ಹೊಸಬರು ಬರ್ತಾರೆ, ಹತ್ತು ನಿಮಿಷ ಆಡ್ತಾರೆ, ಎದ್ದು ಹೋಗ್ತಾರೆ. ನನಗೆ ಹತ್ತು ನಿಮಿಷದೊಳಗೆ ಮುಗಿಯೋ ಅಖಾಡ ಬೇಕು. ಮುಂದಿನ ಗುರುವಾರ ನಾನೇ ಕೂತು ಆಡ್ತೀನಿ. ಹಿಡಿಸಿದ್ರೆ ಆಟ ಉಳಿಯುತ್ತೆ. ಇಲ್ಲಾಂದ್ರೆ ಈ ತಿಂಗಳೇ ಸರ್ವರ್ ಮುಚ್ಚೋದು. ನೀವೇನಂತೀರಿ?"

"ಅ-ಅದು..."

"ಆಗುತ್ತೆ ಅಂತೀರಿ ತಾನೇ? ಸರಿ" ಎಂದು ಅವನ ಮಾತನ್ನು ತಾವೇ ಮುಗಿಸಿ ಮೇಡಂ ಎದ್ದರು. ಅವನ ಮಾತು ಮುಗಿಸುವುದು ಲೋಕದ ಮುಕ್ಕಾಲು ಪಾಲು ಜನರ ಅಭ್ಯಾಸ. ಅವರೂ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಿದ್ದರು.

ಸರ್ವರ್ ಮುಚ್ಚಿದರೆ ಮನೆಯಲ್ಲಿ ಕೂತು ಪರಸ್ಪರ ಆಡುವವರ ಆಟವೆಲ್ಲ ಅಲ್ಲಿಗೆ ನಿಂತಂತೆ. ಅತ್ತೆಗೆ ಎಲ್ಲೋ ಇದ್ದ ಒಬ್ಬ ನಿವೃತ್ತ ಮೇಷ್ಟರೊಂದಿಗೆ ನಾಲ್ಕು ದಿನ ಎಳೆಯುವ ಯುದ್ಧಗಳಿದ್ದವು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ, "ಮೇಷ್ಟ್ರು ಏನು ಮಾಡಿದ್ದಾರೆ ನೋಡೋಣ" ಎಂದು ಆಕೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅದನ್ನು ನೆನೆದು ನಿಧಾನಿ ಅಂದೇ ಕೆಲಸಕ್ಕೆ ಕೂತ.

ಅವಸರದಲ್ಲಿ ಮಾಡಿದ್ದು ಏನಾಗುತ್ತದೋ ಅದೇ ಆಯಿತು. ಇರುವ ಆಟಕ್ಕೇ ಒಂದು ಗಡಿಯಾರ ಕಟ್ಟಿದ. ಒಂದು ನಡೆಗೆ ಹತ್ತು ಸೆಕೆಂಡು, ಅಷ್ಟರೊಳಗೆ ನಡೆಸದಿದ್ದರೆ ಸರದಿ ಎದುರಾಳಿಗೆ. ಕೋಡ್ ಬರೆಯುವ ಹುಡುಗಿ ಮೂರೇ ದಿನದಲ್ಲಿ ಅದನ್ನು ಮಾಡಿಕೊಟ್ಟಳು. ಆಫೀಸಿನಲ್ಲಿ ಅವಳಿಗೆ ಪಟಾಕಿ ಎಂದು ಹೆಸರು. ಕೈಯೂ ಚುರುಕು, ಬಾಯಂತೂ ಕೇಳಲೇಬೇಡಿ. ಅವಳು ಮತ್ತು ನಿಧಾನಿ ಒಂದೇ ಮೇಜಿನ ಎರಡು ತುದಿಯಲ್ಲಿ ಐದು ವರ್ಷ ಜಗಳವಿಲ್ಲದೆ ಬಾಳಿದ್ದೇ ಆ ಆಫೀಸಿನ ದೊಡ್ಡ ಪವಾಡ.

ಗಿರಿಗಾವಲಿನಲ್ಲಿ ಹೊಸದೇನು ಬಂದರೂ ಮೊದಲು ಅತ್ತೆ ಆಡಿ ನೋಡಬೇಕು. ಅದು ಎಂಟು ವರ್ಷದಿಂದ ಬಂದ ಪದ್ಧತಿ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಆ ಗಡಿಯಾರದ ಆಟವನ್ನು, ಯೋಚಿಸದೆ, ಆಕೆಯ ಮುಂದೆ ತೆರೆದಿಟ್ಟ. ಅತ್ತೆ ಎಡಗೈಯಿಂದ ಮೌಸ್ ಹಿಡಿದು ಕುದುರೆಯನ್ನು ಆರಿಸುವಷ್ಟರಲ್ಲಿ ಹತ್ತು ಸೆಕೆಂಡು ಕಳೆಯಿತು. ಮಾಟಗಾತಿಯ ಹತ್ತಿರ ಹೋಗುವಷ್ಟರಲ್ಲಿ ಇನ್ನೊಂದು ಹತ್ತು. ಒಂದೇ ಒಂದು ನಡೆ ನಡೆಸಲಾಗದೆ ಆಕೆಯ ಸೈನ್ಯವೆಲ್ಲ ನೆಲಕಚ್ಚಿತು. ಅತ್ತೆ ಮೌಸ್ ಬಿಟ್ಟು, ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಪರವಾಗಿಲ್ಲ ಕಣೋ. ಚಿಕ್ಕೋರಿಗೆ ಚೆನ್ನಾಗಿರುತ್ತೆ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಎದುರು ಸಿಕ್ಕವರನ್ನೆಲ್ಲ ಮಾತಿನಲ್ಲೇ ಕತ್ತರಿಸಿ ಬಿಸಾಡುವ ಅತ್ತೆ, ಪರವಾಗಿಲ್ಲ ಎಂದಾಗ ಅವನಿಗೆ ಅಳು ಬಂತು. ನಾಚಿಕೆಯೂ ಆಯಿತು. ಯಾರಿಗಾಗಿ ಮನೆ ಕಟ್ಟಿದನೋ ಅವರನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದ.

"ಆ-ಆಗಲ್ಲ ಬಿಡು ಅತ್ತೆ. ಬೇ-ಬೇಗ ಆಡೋದು ನಮ್ಮಂಥೋರಿಗಲ್ಲ."

ಅಷ್ಟೇ ಸಾಕಾಯಿತು ನೋಡಿ, ಅತ್ತೆ ಸೆಟೆದು ಕೂತಳು. "ನಮ್ಮಂಥೋರು ಅಂದ್ರೆ ಯಾರು? ನನ್ನನ್ನ ಸೇರಿಸ್ಬೇಡ. ಒಂದು ಸಲ ನಾಟಕದೋರು ಬಂದು, ನಾಳೆ ಸಂಜೆಗೆ ಇಪ್ಪತ್ತು ಉಡುಪು ಬೇಕು ಅಂತ ಕೂತ್ರು. ಪಕ್ಕದ ಅಂಗಡಿಯೋನು ಆಗಲ್ಲ ಅಂದ. ನಾನು ಕೊಟ್ಟೆ. ಹೇಗೆ ಕೊಟ್ಟೆ ಹೇಳು?"

"ಕೈ ಚು-ಚುರುಕಿತ್ತು."

"ಕೈಯಲ್ಲಿ ಏನಿದೆ ಮಣ್ಣು! ಆ ಪಕ್ಕದೋನು ಏನ್ಮಾಡ್ತಿದ್ದ ಗೊತ್ತಾ? ಒಂದು ಕತ್ತರಿಸಿ ಹೊಲಿಯೋನು, ಮತ್ತೆ ಇನ್ನೊಂದು ಕತ್ತರಿಸೋನು. ಪ್ರತಿ ಸಲ ಎದ್ದು, ಅಳತೆ ನೋಡಿ, ಯೋಚನೆ ಮಾಡಿ. ನಾನು ಅರ್ಧ ದಿನ ಮಿಷನ್ ಮುಟ್ಟಲೇ ಇಲ್ಲ. ಇಪ್ಪತ್ತನ್ನೂ ಆರಾಮಾಗಿ ಕತ್ತರಿಸಿ, ತೋಳು ಕಾಲರು ಎಲ್ಲಾ ಸೇರಿಸಿ ಒಂದೊಂದು ಕಟ್ಟು ಕಟ್ಟಿಟ್ಟೆ. ಆಮೇಲೆ ಮಿಷನ್ ಮೇಲೆ ಕೂತೆ. ಕಟ್ಟು ಬಿಚ್ಚೋದು, ಹೊಲಿಯೋದು. ಯೋಚನೆ ಎಲ್ಲಾ ಮುಂಚೆನೇ ಮುಗಿದಿತ್ತಲ್ಲ!"

ನಿಧಾನಿ ತಟ್ಟೆ ತೊಳೆಯಲು ಎದ್ದವನು ಹಾಗೇ ನಿಂತ. ತಟ್ಟೆಯನ್ನು ಮೇಜಿನ ಮೇಲಿಟ್ಟ. ಹಿಂದಿನ ತಿಂಗಳ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನ ಮೇಲೆ ಗೀಚತೊಡಗಿದ. ಸಂಜೆಯವರೆಗೂ ಇಬ್ಬರೂ ಎದ್ದಿದ್ದು ಊಟಕ್ಕೆ ಮಾತ್ರ. ಅತ್ತೆಯ ಹಳೆಯ ಡಬ್ಬಿಯ ಗುಂಡಿಗಳೇ ಸೈನ್ಯ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಚೌಕಗಳೇ ಅಖಾಡ.

ಕಟ್ಟು ಎಂದೇ ಹೆಸರಿಟ್ಟರು. ಯುದ್ಧಕ್ಕೆ ಮೊದಲು, ಮನೆಯಲ್ಲಿ, ಎಷ್ಟು ಹೊತ್ತು ಬೇಕಾದರೂ ಕೂತು ನಿಮ್ಮ ನಡೆಗಳನ್ನು ಮೂರು ಮೂರರಂತೆ ಪೋಣಿಸಿ ಕಟ್ಟುಗಳನ್ನು ಮಾಡಿಟ್ಟುಕೊಳ್ಳಬಹುದು. ಕುದುರೆ ಮುಂದೆ, ರಾಕ್ಷಸ ಅಡ್ಡ, ಮಾಟಗಾತಿ ಮಂತ್ರ, ಇದೊಂದು ಕಟ್ಟು. ಅಖಾಡಕ್ಕೆ ಇಳಿದ ಮೇಲೆ ಸುತ್ತಿಗೊಂದು ಕಟ್ಟನ್ನು ಮುಟ್ಟಿದರೆ ಮುಗಿಯಿತು. ಇಬ್ಬರೂ ಒಟ್ಟಿಗೇ ಆರಿಸುತ್ತಾರೆ, ಎರಡೂ ಕಟ್ಟು ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ, ಸೈನ್ಯಗಳು ಒಟ್ಟಿಗೇ ನುಗ್ಗುತ್ತವೆ. ಒಬ್ಬರಿಗಾಗಿ ಇನ್ನೊಬ್ಬರು ಕಾಯುವ ಮಾತೇ ಇಲ್ಲ. ಏಳು ಸುತ್ತು, ಆರೇಳು ನಿಮಿಷ. ಒಂದು ಬೆರಳಿದ್ದರೂ ಸಾಕು. ಕಟ್ಟು ಮಾಡಲು ಬಾರದ ಹೊಸಬರಿಗೆ ಏನು ಮಾಡೋಣ ಎಂದು ಅವನು ತಲೆ ಕೆರೆದುಕೊಂಡಾಗ ಅತ್ತೆ ಮೂಗು ಮುರಿದಳು. "ರೆಡಿಮೇಡ್ ಕೊಡು. ಮೈಗೆ ಸರಿಯಾಗಿ ಕೂರಲ್ಲ. ಆಗ ತಾವೇ ಹೊಲಿಸಿಕೊಳ್ಳೋಕೆ ಬರ್ತಾರೆ."

ಸೋಮವಾರ ಪಟಾಕಿ ಕ್ಯಾಲೆಂಡರ್ ಹಾಳೆ ನೋಡಿ, "ಸರ್, ಇದು ನೀವು ಮಾಡಿದ್ದಲ್ಲ, ಎರಡು ಮಾತೇ ಇಲ್ಲ" ಎಂದಳು. ಮಂಗಳವಾರ ರಾತ್ರಿಯೊಳಗೆ ಓಡುವಂತೆ ಮಾಡಿದಳು. ಬುಧವಾರ ಮನೆಗೆ ಹೋಗಿ ಅತ್ತೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟು ಬರುತ್ತೇನೆಂದು ಹೋದವಳು ಮೂರು ಗಂಟೆ ಬರಲಿಲ್ಲ. ಎರಡು ಬಾಯಿ ಒಂದೆಡೆ ಸೇರಿದರೆ ಇನ್ನೇನಾಗುತ್ತದೆ! ಹಿಂದಿರುಗಿದ ಮೇಲೆ ಮಾತ್ರ ಅವಳಿಗೊಂದು ಹೊಸ ಚಟ ಹತ್ತಿತ್ತು. ನಿಧಾನಿ ಏನಾದರೂ ಹೇಳಲು ತಿರುಗಿದರೆ ಪೆನ್ನನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಿದ್ದಳು. ಎಳೆಮಗುವಿನ ಹಾಗೆ ಇದೇನಿದು ಎಂದುಕೊಂಡು ಅವನು ಸುಮ್ಮನಾದ.

ಗುರುವಾರ ಹನ್ನೊಂದಕ್ಕೆ ಮೇಡಂ ಬಂದರು. ಹನ್ನೊಂದೂವರೆಗೆ ಇನ್ನೊಂದು ಮೀಟಿಂಗ್ ಇದೆ ಎಂದು ಮೊದಲೇ ಹೇಳಿ ಕೂತರು. ಎದುರಾಳಿಯ ಹೆಸರು ತೆರೆಯ ಮೇಲೆ ಕಾಣುತ್ತಿತ್ತು, ಕತ್ತರಿ ಎಂದು. ಯಾರೋ ಪರೀಕ್ಷೆ ಮಾಡುವ ಹುಡುಗರಿರಬೇಕು ಅಂದುಕೊಂಡು ಮೇಡಂ ರೆಡಿಮೇಡ್ ಕಟ್ಟುಗಳನ್ನೇ ತೆಗೆದುಕೊಂಡರು. ಆರು ನಿಮಿಷಕ್ಕೆ ಅವರ ಮೂರೂ ರಾಕ್ಷಸರು ಮಣ್ಣುಮುಕ್ಕಿದ್ದರು.

"ಅರೆ! ನನ್ನ ಮಾಟಗಾತಿ ಎಲ್ಲಿಗೆ ಹೋಗ್ತಾಳೆ ಅಂತ ಇವರಿಗೆ ಹೇಗೆ ಗೊತ್ತಾಯ್ತು?"

"ರೆಡಿಮೇಡ್ ಮೇಡಂ" ಎಂದಳು ಪಟಾಕಿ. "ಎಲ್ಲರ ಹತ್ರಾನೂ ಅದೇ ಇರುತ್ತೆ."

"ಹಾಗಾದ್ರೆ ಒಂದ್ನಿಮಿಷ ಇರಿ. ನನ್ನ ಕಟ್ಟು ನಾನೇ ಮಾಡ್ಕೋತೀನಿ."

ಒಂದು ನಿಮಿಷ ಅರ್ಧ ಗಂಟೆಯಾಯಿತು. ಕನ್ನಡಕ ತಲೆಯ ಮೇಲೇರಿತು. ಮೀಟಿಂಗಿಗೆ ಕರೆಯಲು ಬಂದವರನ್ನು ಮೇಡಂ ಕೈಸನ್ನೆಯಲ್ಲೇ ಓಡಿಸಿದರು. ಎರಡನೆಯ ಆಟದಲ್ಲಿ ಕೊನೆಯ ಸುತ್ತಿನವರೆಗೂ ಹೋರಾಡಿ ಸೋತರು. ಮೂರನೆಯದರಲ್ಲಿ ಒಂದು ಕುದುರೆ ಉಳಿಸಿಕೊಂಡು ಗೆದ್ದು, ಕುರ್ಚಿಯಿಂದ ಎದ್ದೇ ನಿಂತರು. ತೆರೆಯ ಮೇಲೆ ಕತ್ತರಿಯ ಸಂದೇಶ ಮೂಡಿತು: "ಪರವಾಗಿಲ್ಲ, ನಿಮ್ಮ ಕೈ ಕುದುರುತ್ತಿದೆ."

ಮೇಡಂ ಬಿದ್ದು ಬಿದ್ದು ನಕ್ಕರು. "ಯಾರ್ರೀ ಇದು, ಇಷ್ಟು ಜೋರು?"

"ಅ-ಅವರು ನ-ನ..."

"ನಮ್ಮ ಟೆಸ್ಟಿಂಗ್..." ಎಂದು ಮೇಡಂ ಶುರುಮಾಡಿದ್ದರು. ಪಟಾಕಿ ಪೆನ್ನು ಕಚ್ಚಿಕೊಂಡೇ ಅಂಗೈ ಎತ್ತಿ ತಡೆದಳು. ಒಡತಿಯನ್ನು! ಮೇಡಂ ಬಾಯಿ ಮುಚ್ಚಿದರು.

"ನ-ನನ್ನ ಅತ್ತೆ" ಎಂದ ನಿಧಾನಿ. "ಎಡಗೈಯ ಒಂದು ಬೆರಳಲ್ಲಿ ಆ-ಆಡ್ತಾರೆ. ಈ ಅಖಾಡ ಅವರ ಯೋಚನೆ. ಗಿರಿಗಾವಲು ಕಟ್ಟಿದ್ದೂ ಅ-ಅವರಿಗೋಸ್ಕರ."

ಮೇಡಂ ತೆರೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಸರ್ವರ್ ಎಲ್ಲಿಗೂ ಹೋಗಲ್ಲ. ಅವರಿಗೆ ಹೇಳಿ, ನಾಳೆ ಇದೇ ಹೊತ್ತಿಗೆ ಇನ್ನೊಂದಾಟ ಇದೆ ಅಂತ" ಎಂದರು.

ಅವರು ಹೋದ ಮೇಲೆ ನಿಧಾನಿ ಪಟಾಕಿಯ ಕಡೆ ತಿರುಗಿದ. "ಆ ಪೆ-ಪೆನ್ನು..."

ಅವನು ಮುಗಿಸಲೆಂದು ಅವಳು ಕಾದಳು. ಇನ್ನು ಮುಗಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ಪೆನ್ನು ತೆಗೆದಳು. "ಅತ್ತೆ ಹೇಳ್ಕೊಟ್ರು ಸರ್. ನನಗೂ ಅವರಿಗೂ ಒಂದೇ ರೋಗ ಅಂತೆ, ಬಾಯಿ ನಿಲ್ಲಲ್ಲ. ಅವನು ಮಾತಾಡುವಾಗ ಬಾಯಲ್ಲಿ ಏನಾದ್ರೂ ಇಟ್ಕೋ, ಇಲ್ಲಾಂದ್ರೆ ನೀನೇ ಮುಗಿಸಿಬಿಡ್ತೀಯ ಅಂದ್ರು. ಅವರು ಗುಂಡುಸೂಜಿ ಇಟ್ಕೋತಿದ್ರಂತೆ."

ಗುಂಡುಸೂಜಿ ಎಂದೊಡನೆ ನಿಧಾನಿಗೆ ಅತ್ತೆಯ ಹಳೆಯ ಅಂಗಡಿ ಕಣ್ಮುಂದೆ ಬಂತು.

ಅವನ ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವನು ಕತ್ತಲಾಗುವವರೆಗೂ ಅತ್ತೆಯ ಅಂಗಡಿಯಲ್ಲಿ, ಚಿಂದಿ ಬಟ್ಟೆಯ ಮೂಟೆಯ ಮೇಲೆ ಕೂತಿರುತ್ತಿದ್ದ. ಗಿರಾಕಿಗಳ ಮಾತನ್ನು ಅತ್ತೆ ಅರ್ಧಕ್ಕೇ ಕತ್ತರಿಸಿ ತಾನೇ ಮುಗಿಸುತ್ತಿದ್ದಳು. ಅವನು ಬಾಯಿ ತೆರೆದಾಗ ಮಾತ್ರ ಆಕೆಯ ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ ಇರುತ್ತಿದ್ದವು. ಶಾಲೆಯಲ್ಲಿ ನಡೆದದ್ದನ್ನು ಕಾಲು ಗಂಟೆ ತೊದಲಿ ಹೇಳಿದರೂ ಕೊನೆಯ ಅಕ್ಷರದವರೆಗೂ ಕೇಳುತ್ತಿದ್ದ ಒಂದೇ ಜೀವ ಆಕೆ. ದರ್ಜಿಗಳ ಕೆಲಸವೇ ಹಾಗೆ, ನನ್ನ ಅದೃಷ್ಟ ಚೆನ್ನಾಗಿತ್ತು ಎಂದು ಅವನು ಇಷ್ಟು ವರ್ಷ ನಂಬಿದ್ದ. ಮಿಷನ್ನಿಗೆ ಹೊದಿಕೆ ಹಾಕಿದ ದಿನವೂ, ರಜೆಯ ದಿನವೂ ಆ ಸೂಜಿಗಳು ಅಲ್ಲೇ ಇದ್ದವಲ್ಲ ಎಂಬುದು ಈಗ ನೆನಪಿಗೆ ಬಂತು.

ಮಧ್ಯಾಹ್ನವೇ ಮನೆಗೆ ಹೋದ. ಅತ್ತೆ ಬಾಗಿಲಿನ ಸದ್ದಿಗೇ ಶುರುಮಾಡಿದಳು. "ಬಂದ್ಯಾ? ಏನಂದ್ರು? ಮೂರನೇದು ನಾನೇ ಬಿಟ್ಟುಕೊಟ್ಟೆ ಅಂತ ಹೇಳ್ಬೇಡ ಮತ್ತೆ. ಪಾಪ, ಒಡತಿ, ಒಂದಾದ್ರೂ ಗೆಲ್ಲಲಿ ಅಂತ..."

"ಅ-ಅತ್ತೆ" ಎಂದ ಅವನು. "ನಾ-ನಾನು..."

ಅತ್ತೆ ಅವನ ಮುಖ ನೋಡಿದಳು. ಮಾತು ನಿಲ್ಲಿಸಿದಳು. ಎಡಗೈ ಕಿಟಕಿಯ ಕಟ್ಟೆಯ ಮೇಲಿದ್ದ ತಗಡಿನ ಡಬ್ಬಿಗೆ ಹೋಗಿ, ತಡಕಾಡಿ, ಒಂದು ಗುಂಡುಸೂಜಿಯನ್ನು ಎತ್ತಿಕೊಂಡಿತು. ಆ ಮನೆಯಲ್ಲಿ ಒಂಬತ್ತು ವರ್ಷದಿಂದ ಒಂದು ಗುಂಡಿಯನ್ನೂ ಯಾರೂ ಹೊಲಿದಿರಲಿಲ್ಲ. ಆಕೆ ಸೂಜಿಯನ್ನು ತುಟಿಗಳ ನಡುವೆ ಇಟ್ಟುಕೊಂಡು ಕಾದಳು.

ಅವನು ಆಕೆಯ ಕಾಲ ಬಳಿ ನೆಲದ ಮೇಲೆ ಕೂತ. ಹೇಳಬೇಕಾದುದನ್ನೆಲ್ಲ ಹೇಳಿದ. ಗಿರಿಗಾವಲು ಯಾರಿಗೆಂದು ಕಟ್ಟಿದ್ದು, ಆ ಮೂಟೆಯ ಮೇಲೆ ಕೂತು ಮಾತು ಕಲಿತಿದ್ದು, ಜೀವಮಾನವಿಡೀ ತೀರಿಸಿದರೂ ತೀರದ ಉಪಕಾರ ಅದು ಎಂಬುದು. ಎಷ್ಟೋ ಕಡೆ ಸಿಕ್ಕಿಹಾಕಿಕೊಂಡ. ಎಷ್ಟೋ ಸಲ ಹಿಂದಕ್ಕೆ ಹೋಗಿ ಮತ್ತೆ ಬಂದ. ಎಷ್ಟು ಹೊತ್ತಾಯಿತೋ ಇಬ್ಬರೂ ನೋಡಲಿಲ್ಲ.

ಅವನ ಮಾತು ಪೂರ್ತಿ ಮುಗಿದ ಮೇಲೆ ಅತ್ತೆ ಸೂಜಿಯನ್ನು ತೆಗೆದು ಡಬ್ಬಿಗೆ ಹಾಕಿದಳು. ಆಕೆಯ ಮೂಗಿನ ತುದಿ ಕೆಂಪಾಗಿತ್ತು.

"ಮುಗೀತಾ?" ಎಂದಳು.

"ಮುಗೀತು."

"ಸರಿ. ಈಗ ನಂದು ಕೇಳು. ಎರಡನೇ ಆಟದಲ್ಲಿ ಆಕೆಯ ಮಾಟಗಾತಿ ಇದ್ದಾಳಲ್ಲ..."