ಕಾಫಿ ಕಣದಲ್ಲಿ ಸ್ಕೀಯಿಂಗ್

“ಆನ್‌ಲೈನ್ ಇಂಟರ್‌ವ್ಯೂ ಎಲ್ಲ ಕ್ಯಾನ್ಸಲ್ ಕಣೇ. ಆ ಹೆಲ್ಗಾ ಮೇಡಮ್ಮೇ ಬಂದ್ಬಿಟ್ಟಿದ್ದಾರೆ. ದುಬಾರೇಲಿ ಆನೆ ಬೆನ್ನು ಉಜ್ತಾ ಇದ್ದಾರಂತೆ,” ಎಂದು ಗೆಳತಿ ರಂಜಿತಾ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದಾಗ ದಿವ್ಯಶ್ರೀ ಬಾಯಿಗಿಟ್ಟ ತುತ್ತು ಅಲ್ಲೇ ನಿಂತಿತು.

ಹೆಲ್ಗಾ ಆಸ್ಟ್ರಿಯಾದವಳು. ಆಲ್ಪ್ಸ್ ಬೆಟ್ಟಗಳ ಸೆಮ್ಮರಿಂಗ್ ಘಾಟಿಯಲ್ಲಿ ಹೋಟೆಲ್ ನಡೆಸುತ್ತಾಳೆ. ದಿವ್ಯಶ್ರೀಯ ಕಾಲೇಜಿನ ಟೂರಿಸಂ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು, ಒಬ್ಬರನ್ನೇ, ಮುಂದಿನ ಚಳಿಗಾಲಕ್ಕೆ ಟ್ರೇನಿಂಗಿಗೆ ಕರೆದುಕೊಳ್ಳುತ್ತಾಳೆ. ಆ ಸೀಟಿನ ಮೇಲೆ ದಿವ್ಯಶ್ರೀಗೆ ಪ್ರಾಣ. ಅರ್ಜಿಯಲ್ಲಿ ‘ನಿಮ್ಮ ಹವ್ಯಾಸ’ ಎಂಬಲ್ಲಿ ಟಿವಿ ನೋಡುವುದು ಎಂದು ಬರೆಯಲು ನಾಚಿ, ‘ಸ್ಕೀಯಿಂಗ್’ ಎಂದು ಬರೆದಿದ್ದಳು. ಹಿಮವನ್ನು ಆಕೆ ಕಂಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

ಎದುರಿಗೇ ಬಂದವಳು ಮಾಡಿ ತೋರಿಸು ಎಂದರೆ? ಬೇರೆ ದಾರಿ ಕಾಣದೆ, ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿ, ಬಿದಿರಿನ ಎರಡು ದಬ್ಬೆಗಳನ್ನು ಚಪ್ಪಲಿಗೆ ಹಗ್ಗದಲ್ಲಿ ಬಿಗಿದುಕೊಂಡು ಕಾಫಿ ಒಣಹಾಕಿದ್ದ ಕಣಕ್ಕಿಳಿದಳು. ಮೊದಲ ಹೆಜ್ಜೆಗೆ ದಬ್ಬೆಗಳೆರಡೂ ಒಂದರ ಮೇಲೊಂದು ಹತ್ತಿದವು. ಎರಡನೆಯದಕ್ಕೆ ದಿವ್ಯಶ್ರೀ ಕಾಫಿ ಹಣ್ಣಿನ ಮೇಲೆ ಬೋರಲು ಬಿದ್ದಿದ್ದಳು.

ಕಣದ ಆಚೆ ತುದಿಯಲ್ಲಿ ಅಜ್ಜಿ ರಾಮಮ್ಮ ಸೀರೆ ಎತ್ತಿ ಕಟ್ಟಿ, ಬರಿಗಾಲನ್ನು ಎಳೆಯುತ್ತಾ, ಸಮನಾಗಿ ಒಣಗಲೆಂದು ಹಣ್ಣು ಕೆದಕುತ್ತಿದ್ದರು. ಪಾದ ಎತ್ತುವಂತಿಲ್ಲ, ಎತ್ತಿ ಇಟ್ಟರೆ ಹಣ್ಣು ಜಜ್ಜಿಹೋಗುತ್ತದೆ. ಅವರು ಹೋದಲ್ಲೆಲ್ಲ ಎರಡು ನೇರ ಗೆರೆ ಮೂಡುತ್ತಿತ್ತು. ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿ, ಹುಚ್ಚು ಹಿಡಿಯಿತೋ ಹೇಗೆಂದು ವಿಚಾರಿಸಿದರು.

ದಿವ್ಯಶ್ರೀ ಅಲ್ಲೇ ಕೂತು ಎಲ್ಲವನ್ನೂ ಒಪ್ಪಿಸಿದಳು. ನೂರೆಪ್ಪತ್ತು ವರ್ಷದ ಹಿಂದೆಯೇ ಬೆಟ್ಟ ಕೊರೆದು, ಎರಡಂತಸ್ತಿನ ಕಲ್ಲುಸೇತುವೆ ಕಟ್ಟಿ ಆ ಘಾಟಿಗೆ ರೈಲು ಹತ್ತಿಸಿದ್ದು, ಆಮೇಲೆ ಪಟ್ಟಣದ ಜನ ಆ ರೈಲಿನಲ್ಲೇ ಸ್ಕೀ ಹಲಗೆ ಹೊತ್ತು ಜಾರಾಡಲು ಬರತೊಡಗಿದ್ದು, ಕೊನೆಗೆ ತನ್ನ ಸುಳ್ಳು.

“ನೂರೆಪ್ಪತ್ತು ವರ್ಷನಾ? ಕುಶಾಲ್ನಗರಕ್ಕೆ ರೈಲು ಬತ್ತದೆ ಬತ್ತದೆ ಅಂತ ನಾನು ಲಗ್ನ ಆಗಿ ಬಂದಾಗಿಂದ ಕೇಳ್ತಾವ್ನಿ,” ಎಂದರು ಅಜ್ಜಿ. ಆಮೇಲೆ ವಿಡಿಯೋ ಇಸಿದುಕೊಂಡು ನೋಡಿದರು. ಬಿಳಿ ಬಯಲಿನಲ್ಲಿ ಒಬ್ಬಾಕೆ ಪಾದ ಎತ್ತದೆ ಸರಸರ ಜಾರುತ್ತಿದ್ದಳು. ಹಿಂದೆ ಎರಡು ಗೆರೆ. “ಇದ್ಕೆ ಅಷ್ಟು ದೂರ ಹೋಗ್ಬೇಕಾ? ನಾನು ನಲ್ವತ್ತು ವರ್ಷದಿಂದ ಮಾಡ್ತಿರೋದೇನು? ಬಿಚ್ಚು ಆ ದಬ್ಬೆನ.”

ಒಂದು ಗಂಟೆ ಕಾಲೆಳೆದ ಮೇಲೆ ದಿವ್ಯಶ್ರೀಯ ಗೆರೆ ಹಾವಿನಂತಾಯಿತು. ಅಂದರೆ ಸುಧಾರಿಸಿತು. ಆದರೆ ಹೊಟ್ಟೆಯೊಳಗಿನ ಸುಳ್ಳು ಜಾರಲಿಲ್ಲ. ಪ್ಲೇಸ್‌ಮೆಂಟ್ ನೋಡುವ ಸತೀಶ್ ಸರ್ ಹತ್ತಿರ ನಂಬರು ಇಸಿದುಕೊಂಡು, ಫೋನ್ ಮಾಡಿ, ಕಣ್ಣು ಮುಚ್ಚಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೆಲ್ಗಾಗೆ ಹೇಳಿಯೇಬಿಟ್ಟಳು: ನನಗೆ ಸ್ಕೀಯಿಂಗ್ ಬರಲ್ಲ, ಮೈಸೂರಿನಲ್ಲಿ ನಿಂತಿದ್ದ ರೈಲು ನೋಡಿದ್ದೇನೆ, ಹತ್ತಿಲ್ಲ. ಈಗ ಎಲ್ಲಿದ್ದೀಯೆಂದು ಕೇಳಿದ್ದಕ್ಕೆ ಕಾಫಿ ಕಣದ ಕಥೆಯೂ ಹೊರಬಿತ್ತು.

ಆ ಕಡೆ ಬಹಳ ಹೊತ್ತು ನಗು. ಅರ್ಜಿ ಹಾಕಿದ ಐವರಲ್ಲಿ ನಾಲ್ವರು ಸ್ಕೀಯಿಂಗ್ ಎಂದೇ ಬರೆದಿದ್ದಾರೆ, ಇಲ್ಲಿ ಹಿಮ ಎಲ್ಲಿ ಬೀಳುತ್ತದೆಂದು ತಾನು ಬೆಳಗಿನಿಂದ ಮಾವುತರನ್ನು ಕೇಳುತ್ತಿದ್ದೇನೆ ಎಂದಳು ಹೆಲ್ಗಾ. ಫೋನ್ ಮಾಡಿದವಳು ಮಾತ್ರ ನೀನೊಬ್ಬಳೇ. ಸೀಟು ಕೊಟ್ಟೆ ಎಂದುಕೊಳ್ಳಬೇಡ, ಕೇಳಬೇಕಾದದ್ದು ಇನ್ನೂ ಇದೆ. ನಾಳೆ ಒಂಬತ್ತಕ್ಕೆ ನಿಮ್ಮ ಮನೆಗೇ ಬರುತ್ತೇನೆ.

ದಿವ್ಯಶ್ರೀ ಕುಣಿಯಬೇಕೋ ನಡುಗಬೇಕೋ ತಿಳಿಯದೆ ಅಜ್ಜಿಗೆ ವರದಿ ಒಪ್ಪಿಸಿದಳು.

“ಒಂಬತ್ತು ಅಂದ್ರೆ ಒಂಬತ್ತಕ್ಕೇ ಬರ್ಲಿ ಅನ್ನು,” ಎಂದರು ರಾಮಮ್ಮ. “ಬಿಸ್ಲೇರಿದ್ ಮ್ಯಾಲೆ ಕಣ ಸುಡ್ತದೆ. ಬರಿಗಾಲಲ್ಲಿ ಹಣ್ಣು ಕೆದ್ಕಿ ಪಾಪ, ಆಯಮ್ಮಂಗೆ ಅಭ್ಯಾಸ ಇರಕ್ಕಿಲ್ಲ.”